ಮೊದಲು ಕೆಳಗೆ ಹೇಳಿ

ರಕ್ತಪರೀಕ್ಷೆಯ ಲ್ಯಾಬುಗಳ ಆ ಮುಖ್ಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಫೋನಕ್ಕ ಎಂದೇ. ಇಪ್ಪತ್ತೆರಡು ಶಾಖೆಗಳಲ್ಲಿ ಯಾರ ಕಂಪ್ಯೂಟರ್ ಮುನಿಸಿಕೊಂಡರೂ ಫೋನ್ ಬರುತ್ತಿದ್ದದ್ದು ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಕೋಣೆಗೆ. ಅಲ್ಲಿ ಎರಡೇ ಕುರ್ಚಿ. ಒಂದು ಅವಳದು, ಇನ್ನೊಂದು ನಿವೃತ್ತಿ ಹತ್ತಿರವಾಗಿದ್ದ ಹಿರಿಯರದು. ಅವರು ಇಡೀ ಕಚೇರಿಗೇ ಮಾವ. ಹನ್ನೊಂದು ವರ್ಷ ಅವಳು ಮರೆತ ಪಾಸ್‌ವರ್ಡ್‌ಗಳನ್ನು ಬದಲಿಸಿಕೊಟ್ಟಳು, ಕಾಗದ ಕಚ್ಚಿಕೊಂಡ ಪ್ರಿಂಟರ್‌ಗಳಿಗೆ ಫೋನಿನಲ್ಲೇ ಬಾಯಿ ಬಿಡಿಸಿದಳು.

ಪ್ರತಿ ಸೋಮವಾರ ಶಾಖೆಗಳಲ್ಲಿ ವರದಿ ಕಳಿಸುವ ಪ್ರೋಗ್ರಾಂ ನಿಂತುಹೋಗುತ್ತಿತ್ತು. ಒಂದೊಂದೇ ಕಂಪ್ಯೂಟರಿನೊಳಗೆ ಹೊಕ್ಕು ಅದನ್ನು ಮತ್ತೆ ಚಾಲೂ ಮಾಡುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತಿತ್ತು. ಬೇಸತ್ತ ಅವಳು ಬೆಳಗಿನ ಹೊತ್ತು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಂಪ್ಯೂಟರಿಗೆ ಟೈಪ್ ಮಾಡಿಯೇ ಆಜ್ಞೆ ಕೊಡುವ ಲಿನಕ್ಸ್ ಕಲಿಯತೊಡಗಿದಳು. ಹಿಂದೆ ಟೈಪಿಸ್ಟ್ ಆಗಿದ್ದ ಅತ್ತೆ ಬೆನ್ನ ಹಿಂದೆ ನಿಂತು ಕಪ್ಪು ಪರದೆ ನೋಡುತ್ತಿದ್ದರು.

“ನಾವು ಕುಟ್ಟಿದ್ರೆ ಕಾಗದದ ಮೇಲೆ ಏನಾದ್ರೂ ಮೂಡ್ತಿತ್ತಮ್ಮ. ನೀನು ಒಂದು ಗಂಟೆಯಿಂದ ಕುಟ್ತಿದ್ದೀಯ, ಅದು ಬರೀ ತಪ್ಪು ತಪ್ಪು ಅಂತಿದೆಯಲ್ಲ?”

“ಅನ್ಲಿ ಅತ್ತೆ. ಯಾಕೆ ತಪ್ಪು ಅಂತಲೂ ಹೇಳುತ್ತೆ.”

ಎರಡು ತಿಂಗಳಿಗೆ, ಎಲ್ಲ ಶಾಖೆಗಳಲ್ಲೂ ಪ್ರೋಗ್ರಾಮನ್ನು ತಾನೇ ಚಾಲೂ ಮಾಡುವ ನಲವತ್ತು ಸಾಲಿನ ಸ್ಕ್ರಿಪ್ಟ್ ತಯಾರಾಯಿತು. ಅರ್ಧ ದಿನದ ಕೆಲಸ ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು.

ಮೂರನೇ ಮಹಡಿಯಲ್ಲಿ ಡೆವ್‌ಆಪ್ಸ್ ತಂಡವಿತ್ತು. ಹೊಸ ಸಾಫ್ಟ್‌ವೇರನ್ನು ಸರ್ವರ್‌ಗಳಿಗೆ ಏರಿಸುವುದು, ಕೈಯಿಂದ ಮಾಡುವ ಕೆಲಸವನ್ನು ಕೋಡಿಗೆ ಒಪ್ಪಿಸುವುದು ಅವರ ಹೊಣೆ. ಅಲ್ಲಿ ಜಾಗ ಖಾಲಿಯಾದಾಗ ಅವಳು ಅರ್ಜಿ ಹಾಕಿದಳು. ಬಾಯಿಪಾಠ ಮಾಡಿಕೊಂಡು ಹೋದ ದೊಡ್ಡ ದೊಡ್ಡ ಪದಗಳು ಸಂದರ್ಶನದಲ್ಲಿ ಕೈಕೊಟ್ಟವು. ಎಂಟು ತಿಂಗಳ ಮೇಲೆ ಇನ್ನೊಂದು ಜಾಗ ಖಾಲಿಯಾದಾಗ ಮತ್ತೆ ಹೋದಳು. ಈ ಸಲ ತಾನು ಮಾಡಿದ್ದನ್ನಷ್ಟೇ ತೋರಿಸಿದಳು. ತಂಡದ ಮುಖ್ಯಸ್ಥೆ ಸ್ಕ್ರಿಪ್ಟನ್ನು ಸಾಲುಸಾಲಾಗಿ ಓದಿ, “ಸೋಮವಾರದಿಂದ ಬನ್ನಿ” ಎಂದರು.

ಮೂರನೇ ವಾರದಲ್ಲಿ ಎಡವಟ್ಟಾಯಿತು. ಪ್ರಯೋಗಕ್ಕಿಟ್ಟ ಸರ್ವರ್ ಎಂದುಕೊಂಡು ಅಸಲಿ ಸರ್ವರಿನಲ್ಲೇ ಒಂದು ಫೋಲ್ಡರ್ ಅಳಿಸಿಬಿಟ್ಟಳು. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ಶಾಖೆಗಳಲ್ಲೂ ವರದಿ ನಿಂತಿತು. ‘ನಾನೇನೂ ಮಾಡಿಲ್ಲ, ತಾನಾಗೇ ಹೋಯ್ತು’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಫೋನಿನಲ್ಲಿ ಸಾವಿರ ಸಲ ಕೇಳಿ ಒಳಗೊಳಗೇ ನಕ್ಕ ಮಾತು ಅದು.

“ನನ್ನಿಂದಲೇ ಆದದ್ದು ಮೇಡಂ. ಈ ಸಾಲು ನೋಡಿ.”

“ಒಳ್ಳೇದಾಯ್ತು, ಹುಡುಕೋ ಕೆಲಸ ಉಳೀತು” ಎಂದರು ಮುಖ್ಯಸ್ಥೆ. ಇಪ್ಪತ್ತು ನಿಮಿಷದಲ್ಲಿ ಬ್ಯಾಕಪ್ಪಿನಿಂದ ಎಲ್ಲ ಸರಿಹೋಯಿತು. ಯಾರೂ ಬೈಯಲಿಲ್ಲ.

ಹಗುರಾದ ಮನಸ್ಸಿನಲ್ಲಿ ಕೆಳಗಿಳಿದು ಹೋದರೆ, ಮಾವ ಮುಖ ಎತ್ತಲಿಲ್ಲ.

“ಮೂವತ್ತು ಫೋನ್ ಬಂತಮ್ಮ. ಸೂಜಿ ಚುಚ್ಚಿಸಿಕೊಂಡು ಕೂತಿರೋರ ಮುಂದೆ ಏನ್ ಹೇಳ್ಲಿ ಅಂತ ಶಾಖೆಯೋರು ಕೇಳ್ತಾರೆ. ನನಗೇನು ಗೊತ್ತು? ಮೇಲಿನೋರು ಯಾವತ್ತೂ ಹೇಳಲ್ಲ, ಬಿಡು. ನೀನೂ ಹೇಳಲಿಲ್ಲ.”

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದಳು. ಹನ್ನೊಂದು ವರ್ಷ ಕೂತ ಕುರ್ಚಿಯನ್ನು ಮರೆಯಲು ಮೂರೇ ವಾರ ಸಾಕಾಗಿತ್ತು. “ತಪ್ಪಾಯ್ತು ಮಾವ” ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದಳು.

ಸರ್ವರ್ ಕೆಟ್ಟಾಗ ಮಾಡಬೇಕಾದ ಕೆಲಸಗಳ ಪಟ್ಟಿಯೊಂದು ತಂಡದಲ್ಲಿತ್ತು. ಎಲ್ಲವೂ ಯಂತ್ರದ್ದೇ ಮಾತು. ಅದರ ನೆತ್ತಿಯ ಮೇಲೆ ಅವಳು ಬರೆದಳು: ಮೊದಲು ಕೆಳಗೆ ಹೇಳಿ.

“ಬೆಂಕಿ ಬಿದ್ದಾಗ ಫೋನ್ ಹಿಡ್ಕೊಂಡು ಕೂರೋಕಾಗುತ್ತಾ?” ಎಂದ ತಂಡದವನೊಬ್ಬ.

“ನೀವು ಆರಿಸಿ. ಫೋನ್ ನಾನು ಮಾಡ್ತೀನಿ.”

ಮುಂದಿನ ತಿಂಗಳು ಇನ್ನಾರದೋ ತಪ್ಪಿನಿಂದ ಸರ್ವರ್ ಕೆಟ್ಟು ನಿಂತಿತು. ಅವಳು ತಕ್ಷಣ ಕೆಳಗೆ ಫೋನ್ ಮಾಡಿದಳು.

“ಎಷ್ಟು ಹೊತ್ತಾಗುತ್ತೆ ಅನ್ಲಿ?” ಎಂದು ಕೇಳಿದರು ಮಾವ.

“ಇನ್ನೂ ಗೊತ್ತಿಲ್ಲ ಮಾವ. ಹತ್ತು ನಿಮಿಷಕ್ಕೆ ಮತ್ತೆ ಮಾಡ್ತೀನಿ.”

“ಸರಿ, ಹಾಗೇ ಅಂತೀನಿ” ಎಂದು ಅವರು ಇನ್ನೊಂದು ಫೋನ್ ಎತ್ತಿಕೊಂಡರು.