ಅತ್ತೆಯ ಎದುರಿನ ಮಣೆ

ಎದುರಿಗೆ ಇಲ್ಲದವರು ಕಣ್ಣಿಗೆ ಕಾಣುತ್ತಾರೆ ಅನ್ನುವುದೆಲ್ಲ ಕೆಲಸವಿಲ್ಲದವರ ಮಾತು ಎಂದೇ ನಾನು ತಿಳಿದಿದ್ದೆ. ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಆ ಒಂದು ಮಧ್ಯಾಹ್ನದ ವಿಷಯ ಮಾತ್ರ ಆ ಮಾತಿಗೆ ಒಗ್ಗುವುದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಇಳಕಲ್ಲಿನ ನಮ್ಮ ಮನೆಗೆ ನೇಯ್ಗೆ ಕಲಿಯಲು ಜರ್ಮನಿಯಿಂದ ಮಾರ್ತಾ ಎಂಬಾಕೆ ಬಂದಳು. ಅತ್ತೆಯ ಬಾಯಲ್ಲಿ ಬೇಗನೆ ಮಾರ್ತವ್ವ ಆದಳು. ಅವಳಿಗೆ ನಮ್ಮದೆಲ್ಲ ಸೋಜಿಗ. ಹಾದಿಯಲ್ಲಿ ಹೋಗುವವರೂ ಊಟ ಆಯಿತೇ ಎಂದು ಕೇಳುತ್ತಾರಲ್ಲ, ಇಲ್ಲ ಅಂದರೆ ಬಡಿಸುತ್ತಾರೋ? ನಾನು ಗಂಡನ ಹೆಸರು ಯಾಕೆ ಹೇಳುವುದಿಲ್ಲ? ಒಂದು ಲೋಟ ನೀರು ಕೊಟ್ಟರೂ ಪುಸ್ತಕದ ಕನ್ನಡದಲ್ಲಿ "ಧನ್ಯವಾದಗಳು" ಅನ್ನುವಳು. ಅತ್ತೆ ಬಿದ್ದು ಬಿದ್ದು ನಗುವರು. ಒಂದು ದಿನ ನನ್ನೆದುರಿಗೇ ಅವರನ್ನು ಕೇಳಿದಳು: "ನೀವು ಸೊಸೆಯನ್ನು ಯಾಕೆ ಹೊಗಳುವುದಿಲ್ಲ?"

"ಮನಿ ಮಂದೀನ ಯಾರರ ಹೊಗಳ್ತಾರೇನ ಯವ್ವಾ? ದೃಷ್ಟಿ ಆಗ್ತೈತಿ" ಅಂದರು ಅತ್ತೆ.

ಮಾರ್ತಾಳಿಗೆ ದೃಷ್ಟಿ ತಾಗುವುದಿಲ್ಲವೇನೋ, ಅವಳನ್ನು ಮಾತ್ರ ಬಾಯ್ತುಂಬ ಹೊಗಳುವರು. ನನಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸುವುದಕ್ಕೆ ಕೊಂಡಿ ಹಾಕುವುದು ಅನ್ನುತ್ತೇವೆ. ನಮ್ಮ ಮನೆಯಲ್ಲಿ ಅದಕ್ಕೆ ಇಬ್ಬರು ಎದುರುಬದುರು ಮಣೆ ಹಾಕಿ ಕೂಡುವುದು ರೂಢಿ. ನಾದಿನಿ ಮದುವೆಯಾಗಿ ಗುಡೂರಿಗೆ ಹೋದಮೇಲೆ ಅತ್ತೆ ಒಬ್ಬರೇ ತಿಣುಕುತ್ತಿದ್ದರು. ನನ್ನ ತವರಿನಲ್ಲಿ ಮಗ್ಗವಿರಲಿಲ್ಲ. "ನಿಂದು ರೊಟ್ಟಿ ಬಡಿಯೂ ಕೈ" ಎಂದು ನನ್ನನ್ನು ಹತ್ತಿರ ಸೇರಿಸಲಿಲ್ಲ. ವರ್ಷಗಟ್ಟಲೆ ನಾನು ಆಸೆಪಟ್ಟ ಮಣೆಯ ಮೇಲೆ ಮಾರ್ತಾ ಬಂದ ವಾರದಲ್ಲೇ ಕುಳಿತಳು. ಸಾಲದ್ದಕ್ಕೆ, ಮಣೆಗೆ ಕೂಡುವಾಗ ಉಡಲು ಅತ್ತೆ ಅವಳಿಗೆ ಕೊಟ್ಟ ದಾಳಿಂಬೆ ಬಣ್ಣದ ಸೀರೆ ಬೇರೆ.

ಆ ದಿನ ಅವಳು ಬೆಳಗಿನ ಬಸ್ಸಿಗೆ ಬಾದಾಮಿಗೆ ಹೊರಟಳು. ನಾನೇ ರೊಟ್ಟಿ ಕಟ್ಟಿಕೊಟ್ಟೆ. ಮಧ್ಯಾಹ್ನ ನೀರು ತಂದು ಕೊಡ ಇಳಿಸುತ್ತ ನೋಡಿದರೆ, ಮಣೆಯ ಮೇಲೆ ದಾಳಿಂಬೆ ಸೀರೆ! ತಲೆಯ ಮೇಲೆ ಸೆರಗು, ಬಾಗಿದ ಬೆನ್ನು. ಎದುರಿಗೆ ಅತ್ತೆ ನಗುನಗುತ್ತ ಮಾತಾಡುತ್ತಿದ್ದಾರೆ. ಬಸ್ಸು ತಪ್ಪಿರಬೇಕು ಅಂದುಕೊಂಡೆ. ಸಿಟ್ಟು ಬಂತು. ಒಳಗೆ ಹೋಗಿ ಪಾತ್ರೆ ಕುಕ್ಕುತ್ತ ಹೊತ್ತು ಇಳಿಯುವವರೆಗೂ ಅಡುಗೆಮನೆಯಲ್ಲೇ ಉಳಿದೆ.

ಹೊರಗೆ ಬಂದಾಗ ಮಾರ್ತಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಲಂಗದ ತುಂಬ ಕೆಂಪು ಧೂಳು. ಬಾದಾಮಿಯ ಗುಹೆ ನೋಡಿ ಆಗತಾನೇ ಬಸ್ಸಿಳಿದು ಬಂದಿದ್ದಳು. ಅವಳ ದಾಳಿಂಬೆ ಸೀರೆ ಗೂಟದ ಮೇಲೆ ಹಾಗೇ ಇತ್ತು.

"ಅತ್ತೀ, ಹಂಗಾರ ಮಧ್ಯಾನ ನಿಮ್ಮ ಎದುರಿಗೆ ಕುಂತವರು ಯಾರ್ರಿ?"

ಅತ್ತೆ ನನ್ನನ್ನೇ ನೋಡಿದರು. "ನೀನ ಕುಂತಿದ್ದೆಲ್ಲ! ಎಲ್ಲಿ ಕಲ್ತಿ ಮತ್ತ? ಭಾಳ ಚಲೋ ಹಾಕೀ ನೋಡವ್ವಾ ಕೊಂಡಿ."

ಓಡಿಹೋಗಿ ನೋಡಿದೆ. ಅತ್ತೆಯ ಕಡೆಯಷ್ಟೇ ಅಲ್ಲ, ಎದುರಿನ ಮಣೆಯ ಕಡೆಯೂ ಕೊಂಡಿ ತುದಿಯವರೆಗೆ ಮುಗಿದಿತ್ತು.

ಅತ್ತೆಗೆ ಕಣ್ಣು ಮಂಜು, ತೂಕಡಿಸಿರಬೇಕು ಅಂದರು ಮನೆಯವರು. ಸರಿ, ನನ್ನ ಕಣ್ಣಿಗೇನಾಗಿತ್ತು? ಮರುದಿನದಿಂದ ಅತ್ತೆ ನನ್ನನ್ನೇ ಆ ಮಣೆಗೆ ಕರೆದರು, ನಾನೂ ನಿಧಾನವಾಗಿ ಕಲಿತೆ. ಮಾರ್ತಾಳ ಮೇಲಿನ ಹೊಟ್ಟೆಕಿಚ್ಚು ಆಗಲೇ ಆರಿತು. ಅವತ್ತು ಅಲ್ಲಿ ಕುಳಿತಿದ್ದವಳ ಮೇಲಿನದು ಇಂದಿಗೂ ಆರಿಲ್ಲ. ಅತ್ತೆ ತಾವು ಇರುವತನಕ ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ನಾನು ಹಾಕದ ಕೊಂಡಿಗೆ.