ಬಾಣಂತಿ ಕೋಣೆಯ ಏ.ಸಿ.

ಕತಾರಿನಲ್ಲೂ ಚಳಿಯಾಗುತ್ತದೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ, ನೋಡಿ. ತೊಂಬತ್ತರ ದಶಕದಲ್ಲಿ ಮಗಳ ಬಾಣಂತನಕ್ಕೆಂದು ಕಾರ್ಕಳದಿಂದ ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದಿಳಿದ ನನ್ನ ಅತ್ತೆಯೂ ನಂಬಿರಲಿಲ್ಲ. ಜನವರಿಯಲ್ಲಿ ನಂಬಿದರು. ಆ ನಂಬಿಕೆ ಸ್ವಲ್ಪ ಹೆಚ್ಚೇ ಆಯಿತು.

"ಇಲ್ಲಿ ನೆಲ ಸಹ ಐಸು. ಹೀಗೇ ಇದ್ರೆ ತಾಯಿ ಮಗುವನ್ನು ನಾನು ಊರಿಗೆ ಕರ್ಕೊಂಡು ಹೋಗ್ತೇನೆ. ನೀವು ಬೇಜಾರು ಮಾಡ್ಕೊಳ್ಬೇಡಿ" ಎಂದರು.

ಬೇಜಾರಲ್ಲ, ನನಗೆ ಭಯವೇ ಆಯಿತು. ವರ್ಷಗಟ್ಟಲೆ ಬ್ಯಾಚುಲರ್ ರೂಮಿನಲ್ಲಿ ಅರೆಬೆಂದ ಅನ್ನ ತಿಂದು, ಕೊನೆಗೂ ಫ್ಯಾಮಿಲಿ ವೀಸಾ ಪಡೆದವನು ನಾನು. ಮಗುವಿನ ಅಳುವಿಗೆ ನಿದ್ದೆಗೆಡುವ ಸುಖ ಆಗಷ್ಟೇ ಸಿಕ್ಕಿತ್ತು.

ಪುಣ್ಯಕ್ಕೆ ನಾನು ಏ.ಸಿ. ಮಾರುವ ಅಂಗಡಿಯಲ್ಲಿದ್ದೆ. ನಮ್ಮ ಕಿಟಕಿಯ ಏ.ಸಿ. ಬೇಕೆಂದರೆ ಬಿಸಿಯನ್ನೂ ಕೊಡುತ್ತಿತ್ತು. ಬೇಸಿಗೆಯಲ್ಲಿ ಒಳಗಿನ ಬಿಸಿಯನ್ನು ಹೊರಗೆ ಸಾಗಿಸುವ ಯಂತ್ರ ಚಳಿಗಾಲದಲ್ಲಿ ಹೊರಗಿನದನ್ನು ಒಳಗೆ ಹೊತ್ತು ತರುತ್ತದೆ. ತಣ್ಣನೆಯ ಗಾಳಿಯಲ್ಲೂ ಅಷ್ಟಿಷ್ಟು ಬಿಸಿ ಇದ್ದೇ ಇರುತ್ತದೆ. ಬಿಸಿಯನ್ನು ಹುಟ್ಟಿಸುವುದಕ್ಕಿಂತ ಹೊತ್ತು ತರುವುದಕ್ಕೆ ಕರೆಂಟು ಕಡಿಮೆ ಸಾಕು. ಗಿರಾಕಿಗಳಿಗೆ ಮಾಡುವ ಈ ಭಾಷಣವನ್ನು ಅತ್ತೆಗೂ ಮಾಡಿದೆ.

"ಹೊರಗೆ ಚಳಿಯಂತೆ, ಅಲ್ಲಿಂದ ಬಿಸಿ ತರುದಂತೆ!" ಎಂದು ನಕ್ಕರು.

ಆದರೂ ಗುಂಡಿ ತಿರುಗಿಸಿದೆ. ಯಂತ್ರ ಕಾಯುವವರೆಗೆ ಬಂದದ್ದು ತಣ್ಣನೆಯ ಗಾಳಿ, ಅದೂ ನೇರ ನನ್ನ ಹೆಂಡತಿಯ ಮುಖಕ್ಕೆ. ಬಾಣಂತಿಗೆ ಗಾಳಿ ಸೋಕಬಾರದೆಂದು ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಬಿಗಿಯುವ ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಅತ್ತೆ ಏ.ಸಿ. ಆರಿಸಿ, ಅದರ ಬಾಯಿಗೆ ಹಳೆಯ ಸೀರೆ ತುರುಕಿ, "ಖಲಾಸ್" ಎಂದರು. ಅವರು ಕಲಿತಿದ್ದ ಅರಬ್ಬಿ ಅದೊಂದೇ.

ಮರುದಿನ ಕಾಯಿಲ್ ಹೀಟರ್ ತಂದೆ. ಅದು ಬೇಗ ಕಾಯುತ್ತದೆ, ಆದರೆ ಕರೆಂಟು ನುಂಗುತ್ತದೆ. ಬಿಸಿಯೂ ಎದುರು ಕೂತವರ ಮೊಣಕಾಲಿಗಷ್ಟೇ. ಹಾಗಾಗಿ ಅತ್ತೆ ತಾಯಿ ಮಗುವನ್ನು ಎಣ್ಣೆಸ್ನಾನಕ್ಕೆ ಕರೆದೊಯ್ದಾಗ ಸೀರೆ ತೆಗೆದು ಎರಡನ್ನೂ ಒಟ್ಟಿಗೆ ಹಾಕಿದೆ. ಏ.ಸಿ.ಯ ಗಾಳಿಯನ್ನು ಮೇಲೆ ಮಾಡಿನ ಕಡೆ ತಿರುಗಿಸಿದೆ. ಕೋಣೆ ಕಾದ ಮೇಲೆ ಹೀಟರ್ ಆರಿಸಿ, ಏ.ಸಿ.ಯನ್ನು ಮಾತ್ರ ಮೆಲ್ಲಗೆ ನಡೆಯಲು ಬಿಟ್ಟೆ.

ಅತ್ತೆ ಬಂದವರು ಏ.ಸಿ.ಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಅಂಗೈ ಚಾಚಿ ಗಾಳಿ ಹುಡುಕಿದರು, ಸಿಗಲಿಲ್ಲ. ಆಮೇಲೆ ಮಗುವಿನ ಪಾದ ಮುಟ್ಟಿದರು.

"ಬೆಚ್ಚಗುಂಟು. ಊರಿಗೆ ಹೋಗುದು ಬೇಡ" ಎಂದರು. ನನಗೆ ಹೋದ ಜೀವ ಬಂದಂತಾಯಿತು.

"ಬೇಸಿಗೆಯಲ್ಲಿ ಇದೇ ತಂಪು ಸಹ ಮಾಡ್ತದಲ್ವಾ?"

"ಭಾರೀ ಚೆನ್ನಾಗಿ ಮಾಡ್ತದೆ, ಅತ್ತೆ" ಎಂದೆ, ಅಂಗಡಿಯವನ ಉತ್ಸಾಹದಲ್ಲಿ.

"ಹಾಗಾದ್ರೆ ನಾನೂ ಬೇಸಿಗೆ ಮುಗಿಸಿಯೇ ಹೋಗ್ತೇನೆ."

ದೋಹಾದ ಬೇಸಿಗೆ ಎಷ್ಟು ಉದ್ದವೆಂದು ಅವರಿಗೆ ತಿಳಿಸಲು ನಾನು ಹೋಗಲಿಲ್ಲ. ಅವರು ಇಲ್ಲಿದ್ದಷ್ಟು ದಿನ ತಾಯಿ ಮಗುವನ್ನು ಊರಿಗೆ ಕರೆದೊಯ್ಯುವವರು ಯಾರೂ ಇರಲಿಲ್ಲವಲ್ಲ.