ಮತ್ತೆ ಮತ್ತೆ ಒಡೆಯುವ ಗಿಟಾರು

ಕೋಪ ಬಂದಾಗ ನಾನು ಎಸೆಯುವುದು ಸ್ಟೀಲ್ ಲೋಟವನ್ನು. ಅದೂ ಸ್ಟ್ಯಾಂಡಿನಲ್ಲಿ ಕವುಚಿಟ್ಟ ಆರು ಲೋಟಗಳ ಪೈಕಿ ಮೊದಲೇ ನೆಗ್ಗಿರುವ ಒಂದನ್ನು. ರೌದ್ರಾವೇಶ ಪರಾಕಾಷ್ಠೆ ಮುಟ್ಟಿದ ಕ್ಷಣದಲ್ಲೂ ನನ್ನ ಕೈ ಐದು ಒಳ್ಳೆಯ ಲೋಟಗಳನ್ನು ದಾಟಿ, ಪೂರ್ಣ ವಿವೇಚನೆಯಿಂದ, ಆ ಆರನೆಯದನ್ನೇ ಆರಿಸಿಕೊಳ್ಳುತ್ತದೆಂಬ ಸಂಗತಿಯನ್ನು ಪತ್ತೆಹಚ್ಚಿದವಳು ನನ್ನ ಹೆಂಡತಿ ಸುಮಿತ್ರ. "ಅಷ್ಟು ಸಿಟ್ಟಲ್ಲೂ ಅದನ್ನೇ ಹುಡುಕ್ಕೊಂತೀರಲ್ಲ ರೀ" ಎಂದು ಅವಳು ಅಂದಾಗ ಆದ ಅವಮಾನಕ್ಕೆ ಮತ್ತೊಮ್ಮೆ ಎಸೆಯಬೇಕೆನಿಸಿತು. ಅದೇ ಲೋಟವನ್ನು.

ಇಂಥ ಮಿತವ್ಯಯದ ಕೋಪಿಷ್ಠನಾದ ನನ್ನನ್ನು ಒಬ್ಬ ಹುಡುಗನ ಗಿಟಾರು ಎಷ್ಟು ಕಲಕಿರಬಹುದು, ನೀವೇ ಯೋಚಿಸಿ. ಹುಡುಗ ಮಂಜುನಾಥ, ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಬೀದಿಯವನೇ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದವು. ಇಂಜಿನಿಯರಿಂಗ್ ಓದುತ್ತಿದ್ದ ಅವನು ಮೂವರು ಗೆಳೆಯರೊಂದಿಗೆ 'ಹರಕು ಜೇಬು' ಎಂಬ ಬ್ಯಾಂಡ್ ಕಟ್ಟಿದ್ದ. ಅವರದು ಪಾಪ್-ಪಂಕ್ ಅಂತೆ. ಹಾಗೆಂದರೆ ಏನೆಂದು ನನಗೆ ತಿಳಿದಷ್ಟು ಹೇಳುತ್ತೇನೆ: ಪಂಕ್ ಎಂಬುದು ಗಿಟಾರಿನ ತಂತಿಯ ಮೇಲೆ ಬೆರಳಿಡುವ ಮೂರೇ ಪಟ್ಟುಗಳಲ್ಲಿ ಲೋಕವನ್ನೆಲ್ಲ ಬೈಯುವ ಸಂಗೀತ, ಆ ಬೈಗುಳವನ್ನು ಸಕ್ಕರೆ ಪಾಕದಲ್ಲಿ ಅದ್ದಿ, ಬೈಸಿಕೊಂಡವರೂ ಗುನುಗುವಂತೆ ಮಾಡಿದರೆ ಪಾಪ್-ಪಂಕ್.

ಅವನ ಕಾಲೇಜಿನ ಸಮಾರಂಭಕ್ಕೆ ನಾನು ಅತಿಥಿಯಾಗಿ ಹೋಗಿದ್ದೆ. ಬಡಾವಣೆಯ ಸಂಗೀತ ಸಂಘಕ್ಕೆ ಕಾರ್ಯದರ್ಶಿಯಾಗಿದ್ದ ನನ್ನನ್ನು ಆಗಾಗ ಹೀಗೆ ಕರೆದು ಶಾಲು ಹೊದಿಸುವುದುಂಟು. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಆರಿಸಿ ಬಂದೆನೋ ಇಲ್ಲವೋ ಎಂಬ ಚಿಂತೆಯಲ್ಲಿ ಮುಳುಗಿದ್ದಾಗ ಮಂಜು 'ನಾನು ಮಾರಾಟಕ್ಕಿಲ್ಲ' ಎಂಬ ಸ್ವಂತ ಹಾಡನ್ನು ಕಿರುಚತೊಡಗಿದ. "ಇದು ನಾಟಕ ಅಲ್ಲ, ಇದು ನನ್ನ ಬದುಕು!" ಎಂದು ಕೂಗಿ, ಕೊರಳಲ್ಲಿದ್ದ ಕೆಂಪು ಗಿಟಾರನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ಅದು ಮೂರು ಹೋಳಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಕಣ್ಣು ತುಂಬಿತು. ನೆಗ್ಗದ ಲೋಟವನ್ನೇ ಎಸೆಯಬಲ್ಲ ಒಬ್ಬ ಮನುಷ್ಯನನ್ನು ಆಯುಷ್ಯದಲ್ಲಿ ಮೊದಲ ಬಾರಿಗೆ ಕಂಡಿದ್ದೆ.

ಮೂರು ದಿನ ಸಿಕ್ಕವರಿಗೆಲ್ಲ ಇದನ್ನೇ ಹೇಳಿದೆ. ಪಾಪ, ಇನ್ನು ಹುಡುಗ ಏನನ್ನು ನುಡಿಸುತ್ತಾನೆಂದು ಕೊರಗಿದೆ.

ಹದಿನೈದು ದಿನಗಳ ಮೇಲೆ ಕುಣಿಗಲ್ಲಿನ ಅಕ್ಕನ ಮನೆಗೆ ಹೋದಾಗ, ಪೇಟೆಯಲ್ಲಿ ಹೊಸ ಮೊಬೈಲ್ ಅಂಗಡಿಯ ಉದ್ಘಾಟನೆ. ಬಲೂನುಗಳ ಕಮಾನಿನ ಕೆಳಗೆ, ಅಂಗಡಿ ಮಾಲೀಕರು ಕೊಟ್ಟ ಟೀ ಶರ್ಟ್ ತೊಟ್ಟು, ಮಂಜು ತಾನು ಮಾರಾಟಕ್ಕಿಲ್ಲವೆಂದು ಹಾಡುತ್ತಿದ್ದ! ಕೊರಳಲ್ಲಿ ಅದೇ ಕೆಂಪು ಗಿಟಾರು, ಅದೇ ಕೂಗು, ಅದೇ ಅಪ್ಪಳಿಕೆ, ಅವೇ ಮೂರು ಹೋಳು. ಆಮೇಲೆ ಅವನ ಗೆಳೆಯನೊಬ್ಬ, ಮದುವೆ ಮನೆಯಲ್ಲಿ ಚಮಚ ಎಣಿಸಿಡುವವರ ಜಾಗ್ರತೆಯಿಂದ, ಆ ಹೋಳುಗಳನ್ನು ಒರೆಸಿ ರೆಕ್ಸಿನ್ ಚೀಲಕ್ಕೆ ಹಾಕಿಕೊಂಡ.

ನಾನು ನೇರ ಹೋಗಿ ಕೇಳಿದೆ. ಹುಡುಗ ಒಂದಿಷ್ಟಾದರೂ ಬೆವರಬೇಡವೇ? "ಗುಬ್ಬಿ ಖಾದರ್ ಸಾಬ್ರು ಕೈಕೆಲ್ಸ ಅಂಕಲ್! ಎಲ್ಲೂ ಗೊತ್ತೇ ಆಗಲ್ಲ, ಸೂಪರ್ ಅಲ್ವಾ?" ಎಂದು ಹೆಮ್ಮೆಯಿಂದ ನಕ್ಕ.

ನನಗೆ ಮೈಯೆಲ್ಲ ಉರಿಯಿತು. ಈಗಲೂ ಉರಿಯುತ್ತದೆ. ಇವನ ಆರಾಧ್ಯದೈವಗಳಾದ ಆ ಪರದೇಶದ ಗಾಯಕರ ವೃತ್ತಾಂತವನ್ನು ಭಾನುವಾರದ ಪುರವಣಿಗಳಲ್ಲಿ ಓದಿದ್ದೆ: ವಯಸ್ಸು ನಲವತ್ತರ ಹತ್ತಿರ, ವಾಸ ಈಜುಕೊಳವಿರುವ ಬಂಗಲೆಯಲ್ಲಿ, ಹಾಡು ಮಾತ್ರ ಹೈಸ್ಕೂಲಿನಲ್ಲಿ ಹಿಂದಿನ ಬೆಂಚಿಗೆ ತಳ್ಳಲ್ಪಟ್ಟ ಹುಡುಗನ ನೋವಿನದು. ಹರಿದ ಬಟ್ಟೆಯನ್ನು ಅಳತೆ ಕೊಟ್ಟು ಹರಿಸಿಕೊಳ್ಳುವವರು, ಒಪ್ಪಂದಕ್ಕೆ ಸಹಿ ಹಾಕಿ ಸಿಟ್ಟಾಗುವವರು! ಹಸಿದವನ ಕೂಗನ್ನು ಉಂಡವನು ಎರವಲು ತಂದು, ಅದನ್ನೇ ಹಸಿದವನಿಗೆ ಕ್ಯಾಸೆಟ್ಟು ಮಾಡಿ ಮಾರುವುದು ಕಲೆಯೋ ಕಳ್ಳತನವೋ ನೀವೇ ಹೇಳಿ.

ಉರಿ ಆರುವ ಮುನ್ನ, ಅದೇ ವಾರ, ಗುಬ್ಬಿಗೆ ಬಸ್ಸು ಹತ್ತಿದೆ. ಖಾದರ್ ಸಾಬರು ಹಾರ್ಮೋನಿಯಂ ರಿಪೇರಿ ಮಾಡುವವರು. ವಯಸ್ಸಿನಲ್ಲಿದ್ದಾಗ ನಾಟಕ ಕಂಪನಿಗಳಿಗೆ ಭೀಮನ ಗದೆ, ಮುರಿಯುವ ಬಿಲ್ಲು ಮಾಡಿಕೊಟ್ಟವರು. ಮಂಜುವಿನ ಗಿಟಾರು ರಿಪೇರಿಗೆ ಬಂದು ಅಲ್ಲೇ ಬಿಚ್ಚಿಕೊಂಡು ಮಲಗಿತ್ತು. ಕುತ್ತಿಗೆಯ ಬುಡದಲ್ಲಿ, ಅಪ್ಪಳಿಸಿದರೆ ಕಳಚಿ ಒತ್ತಿದರೆ ಕೂಡುವ ಮರದ ಗೂಟ, ಹೊಟ್ಟೆಯಲ್ಲಿ ಇನ್ನೊಂದು.

"ನಿಜವಾಗ್ಲೂ ಒಡೆದ್ರೆ ಮುಂದ್ಗಡೆ ಕೂತವ್ರ ಕಣ್ಣಿಗೆ ಚಕ್ಕೆ ಬೀಳ್ತದೆ ಸ್ವಾಮಿ" ಎಂದರು ಅವರು, ಗೂಟಕ್ಕೆ ಮೇಣ ಸವರುತ್ತ. "ಕಂಪ್ನಿ ನಾಟಕ್ದಲ್ಲಿ ಸತ್ತು ಬಿದ್ದೋನು, ಜನ ಒನ್ಸ್ ಮೋರ್ ಅಂದ್ರೆ ಎದ್ದು ಹಾಡಿ ತಿರ್ಗಾ ಸಾಯ್ತಿದ್ದ. ಅವತ್ತು ಮೋಸ ಅಂತ ಯಾರಾದ್ರೂ ಗುಬ್ಬಿಗೆ ಬಂದ್ರಾ?"

"ಅದು ನಾಟಕ ಸಾಬ್ರೇ. ಇವನು ನಾಟಕ ಅಲ್ಲ ಅಂತಾನೆ!"

"ಅದೊಂದ್ ಮಾತು ಅವ್ನು ಅನ್ಬಾರ್ದಿತ್ತು" ಎಂದು ಒಪ್ಪಿದ ಸಾಬರು, ಟೀ ತರಿಸಿದರು.

ಇಷ್ಟು ಸಾಕಾಗಿತ್ತು. ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ, ಎಳೆಯರನ್ನು ಸೆಳೆಯಲೆಂದು, ಅಧ್ಯಕ್ಷರಾದ ನಂಜುಂಡಯ್ಯನವರು ಇದೇ ಹರಕು ಜೇಬನ್ನು ಗೊತ್ತುಮಾಡಿದ್ದರು. ಆ ಗಿಟಾರು ವೇದಿಕೆಯಲ್ಲಿ ಒಡೆಯುವುದಾದರೆ ನಾನು ಕಾರ್ಯದರ್ಶಿಯಾಗಿ ಇರಲಾರೆನೆಂದು ರಾಜೀನಾಮೆ ಪತ್ರ ತೆಗೆದುಕೊಂಡು ಹೋದೆ.

ಈ ಪತ್ರದ ಬಗ್ಗೆ ನಿಮಗೊಂದು ಮಾತು ಹೇಳಬೇಕು. ತೊಂಬತ್ತರ ದಶಕದಲ್ಲೇ ಟೈಪು ಮಾಡಿಸಿ, ತಾರೀಖಿನ ಜಾಗ ಖಾಲಿ ಬಿಟ್ಟು, ಜೆರಾಕ್ಸ್ ತೆಗೆಸಿಟ್ಟುಕೊಂಡ ಪತ್ರವದು. 'ತತ್ವದ ಪ್ರಶ್ನೆ ಎದುರಾದಾಗ ಹುದ್ದೆ ತೃಣಸಮಾನ' ಎಂಬ ವಾಕ್ಯ ಅದರಲ್ಲಿದೆ. ಪ್ರತಿವರ್ಷ ಕೊಡುತ್ತೇನೆ, ಮೂರನೆಯ ದಿನ ನಂಜುಂಡಯ್ಯನವರು ಇಬ್ಬರು ಸದಸ್ಯರೊಂದಿಗೆ ಮನೆಗೆ ಬರುತ್ತಾರೆ, ನೀವಿಲ್ಲದ ಸಂಘ ಸಂಘವೇ ಅಲ್ಲ ಅನ್ನುತ್ತಾರೆ, ಕಾಫಿ ಕುಡಿಯುತ್ತಾರೆ, ನಾನು ಭಾರವಾದ ಮನಸ್ಸಿನಿಂದ ಪತ್ರ ಹಿಂದಕ್ಕೆ ಪಡೆಯುತ್ತೇನೆ.

ಈ ಸಲ ನಂಜುಂಡಯ್ಯನವರು ಪತ್ರವನ್ನು ಓದದೆಯೇ ಮಡಿಸಿ ಜೇಬಿಗಿಟ್ಟರು. "ಆಯ್ತು ಬಿಡಿ ಸಾರ್. ನಿಮ್ಗೂ ರೆಸ್ಟ್ ಬೇಕಲ್ವಾ" ಎಂದರು.

ಮೂರನೆಯ ದಿನ ಸುಮಿತ್ರ ಅರ್ಧ ಲೀಟರ್ ಹಾಲು ಹೆಚ್ಚಿಗೆ ತರಿಸಿದ್ದಳು. ಸಂಜೆಯವರೆಗೂ ಗೇಟಿನ ಸದ್ದಾಗಲಿಲ್ಲ. ಹಾಲಿಗೆ ಹೆಪ್ಪು ಹಾಕಿದಳು. ನಾಲ್ಕನೆಯ ದಿನ ಆಹ್ವಾನ ಪತ್ರಿಕೆ ಬಂತು. ಕಾರ್ಯದರ್ಶಿ ಎಂಬುದರ ಮುಂದೆ ಬೇರೆ ಹೆಸರಿತ್ತು. ಹದಿಮೂರು ವರ್ಷ ನನ್ನದಾಗಿದ್ದ ಮುಂದಿನ ಸಾಲಿನ ಕುರ್ಚಿ, ಕೈಯಲ್ಲಿನ ಮೈಕು, ಬೀದಿಯವರ ನಮಸ್ಕಾರ ಎಲ್ಲವೂ ಒಂದೇ ಏಟಿಗೆ ಹೋದವು. ನನ್ನ ಪತ್ರಕ್ಕೆ ಎಲ್ಲಿಯೂ ಗೂಟವಿರಲಿಲ್ಲವೆಂಬುದು ಆಗ ತಿಳಿಯಿತು.

ಆದರೂ ಹೋದೆ. ನಾಲ್ಕನೆಯ ಸಾಲಿನಲ್ಲಿ ಕೂತೆ. ಮಂಜು ಹಾಡಿದ, ಬದುಕು ಅಂದ, ಅಪ್ಪಳಿಸಿದ. ಚಪ್ಪಾಳೆಯ ನಡುವೆ ನಾನು ಎದ್ದು ನಿಂತು, ಜೀವವಿದ್ದಷ್ಟೂ ಗಟ್ಟಿಯಾಗಿ "ಒನ್ಸ್ ಮೋರ್!" ಎಂದು ಕೂಗಿದೆ. ಶುದ್ಧ ದುರುದ್ದೇಶ, ಅದನ್ನು ಅಭಿಮಾನವೆಂದು ಭ್ರಮಿಸಿ ಇಡೀ ಸಭೆ ದನಿಗೂಡಿಸಿತು. ಮಂಜು ನನ್ನನ್ನು ಗುರುತಿಸಿದ. ಅವನ ಮುಖದಲ್ಲಿ ಕೊನೆಗೂ ಬೆವರು ಕಾಣಿಸಿತು. ಆಮೇಲೆ ವೇದಿಕೆಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತು, ಎಲ್ಲರ ಕಣ್ಣೆದುರು, ಅಂಗೈಯಿಂದ ಟಪ್ ಟಪ್ ಎಂದು ಹೋಳುಗಳನ್ನು ಜೋಡಿಸತೊಡಗಿದ. "ಇದು ಗುಬ್ಬೀಲಿ ಮಾಡ್ಸಿದ್ದು. ಸ್ವಲ್ಪ ಟೈಮ್ ಕೊಡಿ" ಎಂದ ಮೈಕಿನಲ್ಲಿ. ಸಭೆ ಹೋ ಎಂದು ನಕ್ಕಿತು. ಮತ್ತೆ ಹಾಡಿದ, ಬದುಕು, ನಾಟಕ ಎಂಬ ಆ ಕೂಗನ್ನು ಮಾತ್ರ ನುಂಗಿಕೊಂಡ, ಮತ್ತೆ ಒಡೆದ. ಮೊದಲಿನದಕ್ಕಿಂತ ಚಪ್ಪಾಳೆ ಜೋರಾಗಿತ್ತು, ಅದರಲ್ಲಿ ನನ್ನದೂ ಇತ್ತು. ಅದಕ್ಕಾಗಿ ಅವನನ್ನು ನಾನಿನ್ನೂ ಕ್ಷಮಿಸಿಲ್ಲ.

ಮನೆಗೆ ಬಂದು ನೇರ ಅಡುಗೆಮನೆಗೆ ಹೋದೆ. ಈ ಸಲ ಕೈ ಒಳ್ಳೆಯ ಲೋಟದ ಮೇಲೇ ಹೋಯಿತು. ಸುಮಿತ್ರ ಒಲೆಯ ಮುಂದೆ ಕಾಫಿ ಪಾತ್ರೆ ಹಿಡಿದು ನೋಡುತ್ತಿದ್ದಳು. ನಾನು ಅದನ್ನು ಬಿಟ್ಟು ನೆಗ್ಗಿದ್ದನ್ನು ಎತ್ತಿ ಅವಳ ಮುಂದೆ ಹಿಡಿದೆ. ಅವಳು ಕಾಫಿ ಬಗ್ಗಿಸಿದಳು. ಅದರಲ್ಲಿ ಕಾಫಿ ಎರಡು ಗುಟುಕು ಕಡಿಮೆ ಹಿಡಿಯುತ್ತದೆಂಬುದು ಇಷ್ಟು ವರ್ಷಗಳ ಮೇಲೆ ನನಗೆ ಗೊತ್ತಾಯಿತು.